ಓದುಗರ ಸ್ಪಂದನ: ಕೌಂಟರ್ ಬಿಡಲೋ, ನಿಲ್ಲಲೋ?

ಸಮಸ್ಯೆ: ಗೃಹೋಪಯೋಗಿ ವಸ್ತುಗಳ ದೊಡ್ಡ ಮಳಿಗೆಯೊಂದರಲ್ಲಿ ಎರಡು ವರ್ಷದಿಂದ ಒಂದು ಕಂಪನಿಯ ಪ್ರಮೋಟರ್ ಆಗಿದ್ದೇನೆ, ಅಂದರೆ ಆ ಕಂಪನಿಯ ವಸ್ತುಗಳನ್ನಷ್ಟೇ ಗಿರಾಕಿಗಳಿಗೆ ತೋರಿಸಿ ಮಾರುವವಳು. ಜನರ ಜೊತೆ ಮಾತಾಡುವುದು ನನಗೆ ಇಷ್ಟ. ಆದರೆ ಕಂಪನಿಯವರು ಒಂದು ಹೇಳಿದರೆ ಮಳಿಗೆಯವರು ಇನ್ನೊಂದು ಹೇಳುತ್ತಾರೆ. ತಿಂಗಳ ಕೊನೆಯ ವಾರ ಟಾರ್ಗೆಟ್ ಚಿಂತೆಯಲ್ಲಿ ನಿದ್ದೆ ಬರುವುದಿಲ್ಲ. ಕಾಲು ಸೇದುತ್ತದೆ. ಬೇಡದವರಿಗೂ ಮಾರುತ್ತಿದ್ದೇನೆ ಎಂಬ ಕೊರಗು ಬೇರೆ. ಬಿಟ್ಟುಬಿಡಲೇ?

*

ತಂಗಿ, ಹನ್ನೊಂದು ವರ್ಷ ವಾಷಿಂಗ್ ಮಷಿನ್ ಕೌಂಟರ್‌ನಲ್ಲಿ ನಿಂತವಳು ನಾನು. ನಿನ್ನ ಕಾಲುನೋವಿಗಿಂತ ಆ ಕೊರಗಿನ ಮಾತೇ ನನ್ನನ್ನು ಹಿಡಿದು ನಿಲ್ಲಿಸಿತು.

ಒಂದು ತಿಂಗಳ 29ನೇ ತಾರೀಖು. ಮುಂದೆ ಬಾಗಿಲಿರುವ ಫ್ರಂಟ್ ಲೋಡ್ ಇನ್ನೆರಡು ಹೋದರೆ ನನ್ನ ಇನ್ಸೆಂಟಿವ್ ಸ್ಲ್ಯಾಬ್, ಅಂದರೆ ಹೆಚ್ಚುವರಿ ಹಣ ಸಿಗುವ ಮಾರಾಟದ ಮಟ್ಟ, ಮುಟ್ಟುತ್ತಿತ್ತು. ವಯಸ್ಸಾದ ದಂಪತಿ ಬಂದರು. ಡೆಮೊ ಮಷಿನ್ನಿನ ಬಾಗಿಲು ತೆರೆದು ಒಳಗೆ ನೋಡಲು ಬಗ್ಗಿದ ಆಕೆ, ಏಳುವಾಗ ಗಂಡನ ಭುಜ ಹಿಡಿದುಕೊಂಡರು. ದಿನಾ ಬಗ್ಗಿ ಬಟ್ಟೆ ತೆಗೆಯಬೇಕಾದ ಮಷಿನ್ ಅವರಿಗೆ ಹೇಳಿದ್ದಲ್ಲ. ಮೇಲಿನಿಂದ ಬಟ್ಟೆ ಹಾಕುವ ನಮ್ಮ ಟಾಪ್ ಲೋಡ್ ಅವತ್ತು ಸ್ಟಾಕ್ ಇರಲಿಲ್ಲ. ಪಕ್ಕದ ಕಂಪನಿಯ ಕೌಂಟರ್‌ಗೆ ನಾನೇ ಕರೆದುಕೊಂಡು ಹೋಗಿ ಬಿಟ್ಟುಬಂದೆ. ಆ ತಿಂಗಳು ಒಂದೇ ಒಂದು ಮಷಿನ್ನಿಗೆ ಸ್ಲ್ಯಾಬ್ ತಪ್ಪಿತು. ಸೂಪರ್‌ವೈಸರ್ ಎಲ್ಲರೆದುರು ಬೈದರು, ಸ್ಟಾಕ್ ರೂಮಿಗೆ ಹೋಗಿ ಅತ್ತೆ. ಆ ದಂಪತಿಯನ್ನು ಮತ್ತೆ ನೋಡಲಿಲ್ಲ. ಆದರೂ ತಪ್ಪು ಮಾಡಿದೆ ಅಂತ ಇವತ್ತಿಗೂ ಅನ್ನಿಸಿಲ್ಲ.

ಅಲ್ಲಿಂದ ಮುಂದೆ ಮಷಿನ್ನಿನ ಗುಣಗಾನ ಶುರು ಮಾಡುವ ಮುಂಚೆ ಕೇಳತೊಡಗಿದೆ. ಮನೆಯಲ್ಲಿ ಎಷ್ಟು ಜನ, ನೀರು ಗಡಸೋ, ಒಗೆಯುವ ಕೆಲಸ ನೋಡಿಕೊಳ್ಳುವವರು ಯಾರು. 7 ಕಿಲೋ ಎಂದರೆ ಒಣಬಟ್ಟೆಯ ತೂಕ. ಅದನ್ನು ನೆನೆದ ಬಟ್ಟೆಯ ತೂಕ ಅಂದುಕೊಂಡು ಸುಮ್ಮನೆ ದೊಡ್ಡದು ಕೇಳುವವರಿದ್ದಾರೆ, ಅವರಿಗೆ ಬಿಡಿಸಿ ಹೇಳಿದೆ. ಫ್ರಂಟ್ ಲೋಡ್‌ಗೆ ನೀರು ಕಡಿಮೆ ಸಾಕು, ಹೊತ್ತು ಮಾತ್ರ ಹೆಚ್ಚು ಬೇಕು ಅಂತ ಎರಡನ್ನೂ ಹೇಳಿದೆ. ಗಡಸು ನೀರಾದರೆ ಹೀಟರ್ ಮೇಲೆ ಬಿಳಿ ಪದರ ಕಟ್ಟುತ್ತದೆ, ಆಗಾಗ ಅದನ್ನು ತೆಗೆಯಲು ಡೀಸ್ಕೇಲ್ ಮಾಡಬೇಕು ಅಂತಲೂ ಮೊದಲೇ ಹೇಳಿದೆ. ಮಾರಾಟವೇನೂ ನಿಂತುಹೋಗಲಿಲ್ಲ. ವಾಪಸು ಬರುವುದು ಕಡಿಮೆಯಾಯಿತು. ವಾಪಸಾದದ್ದನ್ನು ನಮ್ಮ ಲೆಕ್ಕದಿಂದಲೇ ಕಳೆಯುತ್ತಿದ್ದರು, ಹಾಗಾಗಿ ಅದೂ ಲಾಭವೇ.

ಇನ್ನೊಂದು ಮಾತು. ದಿನದ ಮಾರಾಟ, ಸೀರಿಯಲ್ ನಂಬರ್, ಬಿಲ್ ನಂಬರ್ ಎಲ್ಲವನ್ನೂ ನಿನ್ನದೇ ನೋಟ್‌ಬುಕ್ಕಿನಲ್ಲಿ ಬರೆದಿಡು. ಆ್ಯಪ್‌ಗೆ ಹಾಕಿದ್ದೇನಲ್ಲ ಅಂತ ಕೂರಬೇಡ. ನನ್ನ 6 ಮಷಿನ್ ಒಮ್ಮೆ ಕಂಪನಿಯ ಲೆಕ್ಕದಲ್ಲೇ ಇರಲಿಲ್ಲ. ನೋಟ್‌ಬುಕ್ ಮುಂದಿಟ್ಟೆ, ಮುಂದಿನ ತಿಂಗಳು ಸೇರಿಸಿ ಕೊಟ್ಟರು.

– ಮಾಜಿ ಪ್ರಮೋಟರ್

*

ನಾನು ಮಳಿಗೆಯ ಕಡೆಯವನು, ಫ್ಲೋರ್ ಮ್ಯಾನೇಜರ್ ಆಗಿದ್ದವನು. ನಿಮ್ಮದು ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದ ಸ್ಥಿತಿ. ಆ ಜಗಳದಲ್ಲಿ ನನ್ನ ಪಾಲೂ ಇತ್ತು. ಪ್ರಮೋಟರ್‌ಗಳಿಂದ ಸರಕು ಇಳಿಸುವ ಕೆಲಸ ಮಾಡಿಸಿದ್ದೇನೆ, ರ್‍ಯಾಕ್ ಒರೆಸಿಸಿದ್ದೇನೆ, ಅವರನ್ನು ಬೇರೆ ಕಂಪನಿಯ ಟಿವಿ ಮುಂದೆ ನಿಲ್ಲಿಸಿದ್ದೇನೆ. ಸಂಬಳ ಕೊಡುವುದು ಕಂಪನಿಯೋ ಅದರ ಏಜೆನ್ಸಿಯೋ ಆದರೂ ಬೆಳಿಗ್ಗೆಯಿಂದ ರಾತ್ರಿವರೆಗೆ ಕಣ್ಣೆದುರು ಇರುವುದರಿಂದ ನಮ್ಮ ಸಿಬ್ಬಂದಿಯೇ ಅನ್ನಿಸಿಬಿಡುತ್ತದೆ. ನಮಗೆ ಯಾವ ಕಂಪನಿಯದು ಬಿಲ್ ಆದರೂ ಸರಿ. ನಿಮಗೆ ಹಾಗಲ್ಲ ಎಂಬುದು ಗೊತ್ತಿದ್ದೂ ಮರೆಯುತ್ತಿದ್ದೆ.

ಮ್ಯಾನೇಜರ್ ಜೊತೆ ನೀವೇ ಜಟಾಪಟಿಗೆ ಇಳಿಯಬೇಡಿ. ಇಂಥ ದಿನ ಇಷ್ಟು ಗಂಟೆ ಗೋದಾಮಿನಲ್ಲಿದ್ದೆ ಎಂದು ನಿಮ್ಮ ಸೂಪರ್‌ವೈಸರ್‌ಗೆ ಮೆಸೇಜ್ ಹಾಕಿ. ಬಾಯಿಮಾತಿನ ದೂರನ್ನು ನಾನು ಕಿವಿಗೆ ಹಾಕಿಕೊಂಡವನಲ್ಲ. ಗಂಟೆಗಳ ಲೆಕ್ಕ ಹಿಡಿದು ಕಂಪನಿಯವರು ಬಂದು ಕೂತಾಗ ನಿಲ್ಲಿಸಲೇಬೇಕಾಯಿತು.

ನೀವು ಒಂದು ಗಂಟೆ ವಿವರಿಸಿದ ಗಿರಾಕಿ ನಿಮ್ಮ ವಾರದ ರಜೆಯ ದಿನ ಬಂದು ಬೇರೆಯವರ ಹೆಸರಲ್ಲಿ ಬಿಲ್ ಆಗುವುದುಂಟು. ಗಿರಾಕಿ ಹೆಸರು, ನೋಡಿದ ಮಾಡೆಲ್ ಬರೆದ ಚೀಟಿಯನ್ನು ನಂಬಿಕಸ್ಥ ಸಹೋದ್ಯೋಗಿಗೆ ಕೊಟ್ಟು ಹೋಗಿ. ಅವರ ರಜೆಯಲ್ಲಿ ನೀವೂ ಅಷ್ಟು ಮಾಡಿ.

– ಒಬ್ಬ ಓದುಗ

*

ನಾನು ಫಿಸಿಯೋಥೆರಪಿಸ್ಟ್. ಕಾಲಿನ ವಿಷಯ ಮಾತ್ರ ಬರೆಯುತ್ತೇನೆ. ಮೀನಖಂಡ ಕುಗ್ಗಿ ಹಿಗ್ಗಿದಾಗಲೇ ಕಾಲಿನ ರಕ್ತ ಸಲೀಸಾಗಿ ಮೇಲಕ್ಕೆ ಹೋಗುವುದು. ಅಲ್ಲಾಡದೆ ನಿಂತರೆ ರಕ್ತ ಕೆಳಗೇ ತುಂಬಿಕೊಳ್ಳುತ್ತದೆ, ಅದಕ್ಕೇ ಸಂಜೆಗೆ ಪಾದ ಊದುವುದು. ಗಿರಾಕಿ ಇಲ್ಲದಾಗ ಹಿಮ್ಮಡಿ ಎತ್ತಿ ಇಳಿಸಿ, ನಾಲ್ಕು ಹೆಜ್ಜೆ ನಡೆಯಿರಿ. ಕಾಲನ್ನು ಬಿಗಿಯಾಗಿ ಒತ್ತಿ ಹಿಡಿಯುವ ಕಂಪ್ರೆಶನ್ ಕಾಲುಚೀಲ ಹಾಕುವುದಾದರೆ ಅಳತೆ ಕೇಳಿಕೊಂಡು, ಬೆಳಿಗ್ಗೆ ಊತ ಬರುವ ಮೊದಲೇ ಹಾಕಿ. ಶೂ ಕೊಳ್ಳುವುದಾದರೆ ಪಾದ ಊದಿರುವ ಸಂಜೆ ಹೊತ್ತು ಕೊಳ್ಳಿ. ಕೌಂಟರ್ ಬಿಟ್ಟು ಶೌಚಾಲಯಕ್ಕೆ ಹೋಗಲಾಗದು ಎಂದು ನೀರು ಕುಡಿಯದೆ ಇರುವ ಹೆಣ್ಣುಮಕ್ಕಳನ್ನು ಬಹಳ ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋವು ಬಂದರೆ ಅದು ದಣಿವಲ್ಲ, ಅಂದೇ ವೈದ್ಯರಿಗೆ ತೋರಿಸಿ.

– ಒಬ್ಬ ಓದುಗರು

*

ನಾನು ಬರೀ ಗಿರಾಕಿ. ಹೋದ ತಿಂಗಳು ನಿಮ್ಮಂಥ ಒಬ್ಬ ಹೆಣ್ಣುಮಗಳು ನನಗೆ ಮುಕ್ಕಾಲು ಗಂಟೆ ಫ್ರಿಜ್ ತೋರಿಸಿದಳು. ತರಕಾರಿ ಡ್ರಾಯರ್ ಪೂರ್ತಿ ಹೊರಗೆ ಬರಬೇಕಾದರೆ ಗೋಡೆಯ ಪಕ್ಕ ಎಷ್ಟು ಜಾಗ ಬಿಡಬೇಕು ಅಂತ ಕೈಯಲ್ಲೇ ಅಳೆದು ತೋರಿಸಿದಳು. ಎಲ್ಲ ತಿಳಿದುಕೊಂಡು ಮನೆಗೆ ಬಂದು ಅದೇ ಮಾಡೆಲನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಹಾಗೆ ಕೊಂಡರೆ ಅವಳ ಲೆಕ್ಕಕ್ಕೆ ಏನೂ ಸೇರುವುದಿಲ್ಲ ಎಂದು ನಿಮ್ಮ ಪತ್ರ ಓದಿ ವಿಚಾರಿಸಿದ ಮೇಲೆ ಗೊತ್ತಾಯಿತು. ಮನಸ್ಸಿಗೆ ತುಂಬ ಚುಚ್ಚಿತು. ಮಿಕ್ಸರ್ ಕೊಳ್ಳುವುದಿದೆ. ಆ ಮಳಿಗೆಗೇ ಹೋಗುತ್ತೇನೆ, ತೋರಿಸಿದವರ ಹೆಸರು ಕೇಳಿ ಬಿಲ್ ಮಾಡಿಸುವಾಗ ಅದನ್ನು ಹೇಳಿ ಬರೆಸುತ್ತೇನೆ.

– ಒಬ್ಬ ಗ್ರಾಹಕಿ