ಸಹಾಯ ಬೇಕು: ರೆಡ್‌ಮೈನ್ 5.1ಕ್ಕೆ ಏರಿಸಿದರೆ ಹಳೆ ಪ್ಲಗಿನ್ ಏಳುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮದು ಹನ್ನೊಂದು ಜನರ ಚಿಕ್ಕ ಟೀಮ್. ಬಗ್, ವಿಕಿ, ಕೆಲಸದ ಲೆಕ್ಕ ಎಲ್ಲವೂ ರೆಡ್‌ಮೈನ್ ಎಂಬ ಪ್ರಾಜೆಕ್ಟ್ ನಿರ್ವಹಣೆಯ ಸಾಫ್ಟ್‌ವೇರ್‌ನಲ್ಲೇ ಇದೆ, ನಮ್ಮದೇ ಸರ್ವರ್‌ನಲ್ಲಿ. ಇದನ್ನು ನೋಡಿಕೊಳ್ಳುತ್ತಿದ್ದವರು ಕೆಲಸ ಬಿಟ್ಟರು. ಈಗ ನನ್ನ ತಲೆಗೆ ಬಂದಿದೆ.

ಟೆಸ್ಟ್ ಸರ್ವರ್‌ನಲ್ಲಿ 4.2ರಿಂದ 5.1ಕ್ಕೆ ಏರಿಸಿ ನೋಡಿದೆ. ಪ್ಲಗಿನ್ ಇಲ್ಲದಿದ್ದರೆ ಚೆನ್ನಾಗಿಯೇ ಓಡುತ್ತದೆ. ಪ್ಲಗಿನ್ಸ್ ಫೋಲ್ಡರ್ ವಾಪಸ್ ಹಾಕಿದ ಕೂಡಲೇ ಝೈಟ್‌ವರ್ಕ್ (ಕೋಡ್ ಫೈಲ್‌ಗಳನ್ನು ತಾನಾಗಿ ಲೋಡ್ ಮಾಡುವ ಭಾಗ) ನೇಮ್ ಎರರ್ ಕೊಟ್ಟು ಕೂತುಬಿಡುತ್ತದೆ. 5.0ರಿಂದ ರೈಲ್ಸ್ (ರೆಡ್‌ಮೈನ್‌ಗೆ ಬುನಾದಿಯಾದ ರೂಬಿ ಭಾಷೆಯ ಫ್ರೇಮ್‌ವರ್ಕ್) 6.1 ಬಂದಿದೆ, ಹಾಗಾಗಿ ಫೈಲಿನ ಹೆಸರಿಗೂ ಒಳಗಿನ ಕ್ಲಾಸಿನ ಹೆಸರಿಗೂ ತಾಳೆಯಾಗಲೇಬೇಕು ಎನ್ನುವಷ್ಟು ಅರ್ಥವಾಯಿತು. ನಾಲ್ಕರಲ್ಲಿ ಮೂರು ಪ್ಲಗಿನ್‌ಗಳಿಗೆ ಹೊಸ ಆವೃತ್ತಿ ಸಿಕ್ಕಿತು. ಬಂಡಲ್ ಇನ್‌ಸ್ಟಾಲ್ (ಬೇಕಾದ ಲೈಬ್ರರಿ ಹಾಕುವುದು), ಪ್ಲಗಿನ್ ಮೈಗ್ರೇಟ್ (ಡೇಟಾಬೇಸ್ ಟೇಬಲ್‌ಗಳನ್ನು ಹೊಂದಿಸುವುದು), ರೀಸ್ಟಾರ್ಟ್, ಅಷ್ಟೇ.

ತಲೆನೋವು ಇರುವುದು ನಾಲ್ಕನೆಯದರಲ್ಲಿ. ಅದೊಂದು ಚೆಕ್‌ಲಿಸ್ಟ್ ಪ್ಲಗಿನ್. ಬರೆದವರು ಕೈಬಿಟ್ಟು ಬಹಳ ಕಾಲವಾಗಿದೆ. ಮೈಗ್ರೇಟ್ ಆಜ್ಞೆಗೆ ವರ್ಷನ್ ಸೊನ್ನೆ ಕೊಟ್ಟು ತೆಗೆದರೆ ಅದರ ಟೇಬಲ್‌ಗಳೂ ಹೋಗುತ್ತವೆ, ಅಲ್ವಾ? ಮೂರು ವರ್ಷದ ಚೆಕ್‌ಲಿಸ್ಟ್ ಅದರಲ್ಲಿದೆ. ಅದು ಹೋದರೆ ನಮ್ಮ ಟೆಸ್ಟಿಂಗ್ ಮೇಡಂ ನನ್ನನ್ನು ಸುಮ್ನೆ ಬಿಡುವುದಿಲ್ಲ!

ಫೋಲ್ಡರ್ ಮಾತ್ರ ತೆಗೆದು ಟೇಬಲ್‌ಗಳನ್ನು ಹಾಗೇ ಬಿಟ್ಟರೆ ಮುಂದೆ ಏನಾದರೂ ಕಾಡುತ್ತದೆಯೇ? ಅಥವಾ ಲಿಬ್ ಫೋಲ್ಡರ್‌ನ ಫೈಲ್ ಹೆಸರುಗಳನ್ನು ನಾನೇ ಸರಿಪಡಿಸಿ, 'ರಿಕ್ವೈರ್ ಡಿಪೆಂಡೆನ್ಸಿ' (ಬೇರೆ ಫೈಲನ್ನು ಲೋಡ್ ಮಾಡುವ ಆಜ್ಞೆ) ಇರುವ ಸಾಲುಗಳನ್ನು ಬದಲಾಯಿಸಿದರೆ ಸಾಕಾ? ನನಗೆ ರೂಬಿ ಅಷ್ಟಕ್ಕಷ್ಟೇ. ಸದ್ಯ ರೂಬಿ 2.7ರಲ್ಲಿದ್ದೇವೆ. ಡೇಟಾಬೇಸ್, ಫೈಲ್ಸ್ ಫೋಲ್ಡರ್ ಎರಡರದ್ದೂ ಬ್ಯಾಕಪ್ ಇದೆ.

ಶನಿವಾರ ರಾತ್ರಿ ಅಸಲಿ ಸರ್ವರ್‌ಗೆ ಕೈ ಹಾಕಬೇಕು. ಇದನ್ನು ಮಾಡಿ ಗೊತ್ತಿರುವವರು ದಯವಿಟ್ಟು ತಿಳಿಸಿ. ಎರರ್‌ನ ಪೂರ್ತಿ ಲಾಗ್ ಬೇಕಾದರೆ ಹಾಕುತ್ತೇನೆ.