ಮರು: ತುರ್ತು – ರಕ್ತ ಹುಟ್ಟಿಸುವ ಸ್ಟೆಮ್ ಸೆಲ್‌ಗೆ ಕನ್ನಡ ಪದ

> ಫಲಕದ ಬರಹ ನಾಳೆ ಅಚ್ಚಿಗೆ ಹೋಗಬೇಕು. ಹೆಮಟೊಪೊಯೆಟಿಕ್, ಮೆಸೆಂಕೈಮಲ್ – ಎರಡೂ ಸ್ಟೆಮ್ ಸೆಲ್‌ಗಳಿಗೆ ‘ಅಸ್ಥಿಮಜ್ಜೆಯ ಕಾಂಡಕೋಶ’ ಅಂದರೆ ಸಾಕಾ?

ಸಾಲದು. ರಕ್ತ ಹುಟ್ಟಿಸುವ ಮೊದಲನೆಯದಕ್ಕೆ ‘ರಕ್ತದ ತಾಯಿಕೋಶ’, ಮಜ್ಜೆಯಲ್ಲಿ ಅದಕ್ಕೆ ಆಸರೆಯಾಗುವ ಎರಡನೆಯದಕ್ಕೆ ‘ಮಜ್ಜೆಯ ಆಸರೆಕೋಶ’ ಎಂದು ಬರೆಯಿರಿ.

ರಕ್ತ ಹುಟ್ಟಿಸುವ ಕೋಶಗಳನ್ನು ದೇಹದ ಹೊರಗೆ ಬೆಳೆಸಲು ಹೋದರೆ ಅವು ಬೇಗನೆ ಮಾಮೂಲಿ ರಕ್ತಕಣಗಳಾಗಿ ಬಲಿತುಬಿಡುತ್ತವೆ. ತಮ್ಮಂಥವನ್ನೇ ಹುಟ್ಟಿಸುವ ಗುಣ ಹೋಗುತ್ತದೆ. ಮಜ್ಜೆಯೊಳಗೆ ಆ ಗುಣ ಉಳಿಯಲು ನೆರವಾಗುವುದು ಪಕ್ಕದ ಆಸರೆಕೋಶ. ಆದರೆ ಪ್ರಯೋಗಾಲಯದಲ್ಲಿ ಬೆಳೆಸಿದಾಗ ಅದೂ ಆ ಶಕ್ತಿ ಕಳೆದುಕೊಳ್ಳುತ್ತದೆ. 2019ರಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನ ಪಾಲ್ ಫ್ರೆನೆಟ್ ಅವರ ತಂಡ ಇಲಿಯ ಆಸರೆಕೋಶಗಳಿಗೆ ಐದು ಜೀನ್ ಸೇರಿಸಿ ಆ ಶಕ್ತಿಯನ್ನು ಮರಳಿ ತಂದಿತು. ತಿದ್ದಿದ್ದು ಆಸರೆಕೋಶವನ್ನು, ಅದರ ನೆರವಿನಿಂದ ಬೆಳೆದದ್ದು ರಕ್ತದ ತಾಯಿಕೋಶ. ಎರಡಕ್ಕೂ ಒಂದೇ ಹೆಸರಿಟ್ಟರೆ ಓದುಗರಿಗೆ ಏನು ತಿಳಿಯುತ್ತದೆ?

‘ಅಸ್ಥಿ’ಯನ್ನೂ ತೆಗೆಯಿರಿ. ಆ ಪದ ಕೇಳಿದರೆ ಜನರಿಗೆ ಸಾವು ನೆನಪಾಗುತ್ತದೆ. ಬದುಕಲು ಹೋರಾಡುತ್ತಿರುವವರು ಓದುವ ಫಲಕದಲ್ಲಿ ‘ಮೂಳೆಯ ಮಜ್ಜೆ’ ಇರಲಿ.

> ಸ್ಟೆಮ್ ಅಂದರೆ ಕಾಂಡ ತಾನೆ? ನಿಘಂಟು ನೋಡಿ.

ನಿಘಂಟು ಸಾಲದು, ಹುಟ್ಟು ನೋಡಬೇಕು. ಪದ ಬಂದಿದ್ದು ಜರ್ಮನ್‌ನಿಂದ. 1868ರಲ್ಲಿ ಜೀವವಿಜ್ಞಾನಿ ಎರ್ನ್ಸ್ಟ್ ಹೆಕೆಲ್ ‘ಷ್ಟಾಮ್‌ತ್ಸೆಲ್ಲ’ ಎಂದು ಬಳಸಿದ್ದು ಜೀವಿಗಳಿಗೆಲ್ಲ ಮೂಲವಾದ ಒಂಟಿ ಕೋಶಕ್ಕೆ. ‘ಷ್ಟಾಮ್’ ಅಂದರೆ ಮರದ ಬೊಡ್ಡೆಯೂ ಹೌದು, ಕುಲವೂ ಹೌದು. ಹೆಕೆಲ್ ಹೇಳಿದ್ದು ಕುಲದ ಮಾತು. ಕನ್ನಡದ ‘ಕಾಂಡ’ದಲ್ಲಿ ಕುಲ ಎಲ್ಲಿದೆ? ಆ ಅರ್ಥ ನಮ್ಮ ‘ತಾಯಿ’ಯಲ್ಲಿದೆ – ತಾಯಿಬೇರು ಅನ್ನುತ್ತೇವೆ ಅಲ್ವಾ?

> ರಕ್ತ, ಕೋಶ ಎರಡೂ ಸಂಸ್ಕೃತ. ‘ನೆತ್ತರಿನ ಸೂಲುಗೂಡು’ ಅನ್ನಿ.

ಬೇಡವೇ ಬೇಡ. ‘ಸೂಲು’ ಅಂದರೆ ಹೆರಿಗೆ. ಸೂಲುಗೂಡು ಎಂದು ಓದಿದವರು ಗರ್ಭಕೋಶ ಅಂದುಕೊಳ್ಳುತ್ತಾರೆ. ನೆತ್ತರು ನನಗೂ ಇಷ್ಟದ ಪದವೇ. ಆದರೆ ರಕ್ತದಾನ, ರಕ್ತಪರೀಕ್ಷೆ ಎಲ್ಲರ ಬಾಯಲ್ಲಿವೆ. ‘ರಕ್ತ’ ಎರವಲು ಅಂತ ಯಾರಿಗೆ ಅನ್ನಿಸುತ್ತದೆ? ಎರವಲು ಪದ ಅರ್ಥ ಮರೆಮಾಡಿದರೆ ಅದನ್ನು ಬಿಡೋಣ, ‘ರಕ್ತೋತ್ಪಾದಕ’ದ ಹಾಗೆ. ಸುಮ್ನೆ ಕುಲ ಕೇಳಿ ಹೊರಗೆ ಹಾಕುವುದು ನುಡಿಗೂ ಒಳ್ಳೆಯದಲ್ಲ, ರೋಗಿಗೂ ಅಲ್ಲ. ‘ಜೀನ್’ ಹಾಗೇ ಇರಲಿ.

ಮೊದಲ ಸಲ ಬಂದಾಗ ‘ರಕ್ತದ ತಾಯಿಕೋಶ, ಅಂದರೆ ಹೆಮಟೊಪೊಯೆಟಿಕ್ ಸ್ಟೆಮ್ ಸೆಲ್’ ಎಂದು ಎರಡನ್ನೂ ಹಾಕಿ. ವೈದ್ಯರ ಚೀಟಿಯಲ್ಲಿ ಇರುವುದು ಆ ಹೆಸರೇ.