ಫ್ರೀಡೈವಿಂಗ್‌ಗೆ ಮೊದಲು ಏನು ಕೊಳ್ಳಬೇಕು? ಮಾಸ್ಕೋ, ಫಿನ್ಸೋ?

ಕತ್ರಿಗುಪ್ಪೆ ಮೀನು:

ಎಲ್ಲರಿಗೂ ನಮಸ್ಕಾರ. ನಾನು ಬಸವನಗುಡಿ ಈಜುಕೊಳದಲ್ಲಿ ಬೆಳಗಿನ ಬ್ಯಾಚಿನವನು. ಈಜು ಚೆನ್ನಾಗಿಯೇ ಬರುತ್ತದೆ. ಡಿಸೆಂಬರ್‌ನಲ್ಲಿ ಅಂಡಮಾನಿನ ಹ್ಯಾವ್‌ಲಾಕ್‌ಗೆ ಹೋಗಿ ಫ್ರೀಡೈವಿಂಗ್ (ಸಿಲಿಂಡರ್ ಇಲ್ಲದೆ ಒಂದೇ ಉಸಿರು ಹಿಡಿದು ಆಳಕ್ಕೆ ಇಳಿಯುವುದು) ಕೋರ್ಸ್ ಮಾಡಬೇಕು ಅಂತಿದ್ದೇನೆ. ಅಷ್ಟರೊಳಗೆ ಸ್ವಂತ ಸಾಮಾನು ಮಾಡಿಕೊಂಡು ಇಲ್ಲೇ ಸ್ವಲ್ಪ ಅಭ್ಯಾಸ ಮಾಡುವ ಆಸೆ. ಬಜೆಟ್ ಎಳೆದರೆ 20 ಸಾವಿರ.

ಕನ್ನಡಕ ಇದೆ, ಎರಡೂ ಕಣ್ಣಿಗೆ ಮೈನಸ್ 3.5. ಮೀಸೆಯೂ ಇದೆ, ತೆಗೆಯುವ ಮನಸ್ಸಿಲ್ಲ. ಮುಖ ಪೂರ್ತಿ ಮುಚ್ಚುವ ಸ್ನಾರ್ಕೆಲ್ ಮಾಸ್ಕ್ ಒಂದನ್ನು ನಮ್ಮ ಭಾವ ದುಬೈನಿಂದ ತಂದುಕೊಟ್ಟಿದ್ದಾರೆ. ಅದೇ ಸಾಕಾ? ದುಡ್ಡೆಲ್ಲ ಕಾರ್ಬನ್ ಫೈಬರ್ ಫಿನ್ಸ್‌ಗೆ (ಪಾದಕ್ಕೆ ಹಾಕುವ ಉದ್ದದ ಈಜುರೆಕ್ಕೆ) ಹಾಕೋಣ ಅನ್ನಿಸುತ್ತಿದೆ. ಚಳಿ ತಡೆಯಲು 3 ಎಂಎಂ ದಪ್ಪದ ವೆಟ್‌ಸೂಟ್ ಬೇಕಾ? ಆಳ ಬೇಕಾದರೆ ರಾಮನಗರದ ಕಡೆ ಒಂದು ಕಲ್ಲಿನ ಕ್ವಾರಿ ಇದೆ, ಬಾ ಅಂತ ಸ್ನೇಹಿತನೊಬ್ಬ ಕರೆಯುತ್ತಿದ್ದಾನೆ. ಅನುಭವ ಇರುವವರು ಹೇಳಿ.

ಮಲ್ಲೇಶ್ವರಂ ಅಕ್ಕ:

ಮೊದಲು ಕ್ವಾರಿ ವಿಷಯ ಮುಗಿಸಿಬಿಡೋಣ. ಹೋಗಬೇಡಿ. ಒಳಗೆ ಏನೂ ಕಾಣುವುದಿಲ್ಲ, ಅಂಚು ನೇರ ಕಡಿದಂತಿರುತ್ತದೆ, ತಳದಲ್ಲಿ ಏನು ಬಿದ್ದಿದೆಯೋ ಯಾರಿಗೂ ಗೊತ್ತಿಲ್ಲ. ನಿಮ್ಮ ಸ್ನೇಹಿತನಿಗೆ ಬೆಟ್ಟ ಹತ್ತಲು ಹೇಳಿ, ರಾಮನಗರದಲ್ಲಿ ಅದಕ್ಕೇನೂ ಕಡಿಮೆ ಇಲ್ಲ.

ಭಾವನವರ ಮಾಸ್ಕ್ ಮಕ್ಕಳಿಗೂ ಬೇಡ, ಡೈವಿಂಗ್‌ಗಂತೂ ಬೇಡವೇ ಬೇಡ. ಅದರಲ್ಲಿ ಹೊರಗಿನಿಂದ ಮೂಗು ಹಿಡಿಯಲು ಆಗುವುದಿಲ್ಲ. ಮೂಗು ಹಿಡಿಯದೆ ಕಿವಿ ಈಕ್ವಲೈಸ್ ಮಾಡುವುದು, ಅಂದರೆ ಕಿವಿಯೊಳಗಿನ ಒತ್ತಡವನ್ನು ಹೊರಗಿನದಕ್ಕೆ ಸರಿದೂಗಿಸುವುದು ಹೇಗೆ? ಎರಡು ಮೂರು ಮೀಟರ್ ಇಳಿಯುವಷ್ಟರಲ್ಲಿ ಕಿವಿ ನೋಯುತ್ತದೆ. ಈಜುವ ಗಾಗಲ್ಸ್ ಕೂಡ ಆಳಕ್ಕೆ ಆಗುವುದಿಲ್ಲ. 10 ಮೀಟರ್ ಕೆಳಗೆ ಒತ್ತಡ ಮೇಲಿನದರ ಎರಡು ಪಟ್ಟಾಗುತ್ತದೆ, ಗಾಳಿ ಅರ್ಧಕ್ಕೆ ಕುಗ್ಗುತ್ತದೆ. ಮಾಸ್ಕ್ ಆದರೆ ಮೂಗಿನಿಂದ ಚೂರು ಗಾಳಿ ಬಿಟ್ಟು ಸರಿ ಮಾಡಿಕೊಳ್ಳಬಹುದು. ಗಾಗಲ್ಸ್‌ನಲ್ಲಿ ಮೂಗು ಹೊರಗಿರುತ್ತದಲ್ಲ, ಕಣ್ಣನ್ನೇ ಹೀರಿ ಎಳೆಯುತ್ತದೆ. ಹಾಗೆ ಬಿಡುವ ಗಾಳಿಯೂ ನಿಮ್ಮ ಶ್ವಾಸಕೋಶದ್ದೇ. ಅದಕ್ಕೇ ಫ್ರೀಡೈವಿಂಗ್ ಮಾಸ್ಕ್ ಒಳಗೆ ಜಾಗ ಕಡಿಮೆ ಇದ್ದಷ್ಟೂ ಒಳ್ಳೆಯದು.

ನನ್ನ ಲೆಕ್ಕದಲ್ಲಿ ನೀವು ಈಗ ಕೊಳ್ಳಬೇಕಾದ್ದು ಮಾಸ್ಕ್ ಒಂದೇ. ಅದನ್ನೂ ಆನ್‌ಲೈನ್‌ನಲ್ಲಿ ತರಿಸಬೇಡಿ. ಮುಖಕ್ಕೆ ಕೂರಬೇಕಾದ ವಸ್ತು ಅದು, ಸ್ಟಾರ್ ನೋಡಿ ಕೊಳ್ಳುವಂಥದ್ದಲ್ಲ. ಡೆಕಾತ್ಲಾನ್‌ಗೋ ಡೈವಿಂಗ್ ಸಾಮಾನಿನ ಅಂಗಡಿಗೋ ಹೋಗಿ ನಾಲ್ಕೈದು ಹಾಕಿ ನೋಡಿ. ಪಟ್ಟಿಯನ್ನು ತಲೆಯ ಹಿಂದಕ್ಕೆ ಎಳೆಯದೆ ಸುಮ್ನೆ ಮುಖಕ್ಕೆ ಒತ್ತಿ, ಮೂಗಿನಿಂದ ಮೆಲ್ಲಗೆ ಉಸಿರು ಎಳೆದು ಕೈ ಬಿಡಿ. ಅಂಟಿಕೊಂಡು ನಿಂತರೆ ಸರಿ. ಹಣೆಗೆ ಒತ್ತಿದರೆ, ಮೂಗಿನ ಮೇಲೆ ಚುಚ್ಚಿದರೆ, ಎಷ್ಟೇ ದೊಡ್ಡ ಬ್ರ್ಯಾಂಡ್ ಆದರೂ ವಾಪಸ್ ಇಟ್ಟುಬಿಡಿ. ಎರಡು ಬೆರಳಿನಲ್ಲಿ ಮೂಗು ಆರಾಮಾಗಿ ಹಿಡಿಯಲು ಆಗುತ್ತಾ ಅಂತಲೂ ನೋಡಿ.

ಮೀಸೆ ತೆಗೆಯುವುದು ಬೇಡ. ಮೂಗಿಗೆ ತಾಗಿದಂತೆ, ಸಿಲಿಕೋನ್ ಕೂರುವ ಜಾಗದಲ್ಲಿ, ಒಂದು ಗೆರೆಯಷ್ಟು ಸಣ್ಣಗೆ ಟ್ರಿಮ್ ಮಾಡಿಸಿ. ಮನೆಯವರಿಗೂ ಗೊತ್ತಾಗುವುದಿಲ್ಲ.

ಕನ್ನಡಕಕ್ಕೆ ದಾರಿ ಇದೆ. ಕೆಲವು ಎರಡು ಗಾಜಿನ ಮಾಸ್ಕ್‌ಗಳಿಗೆ ರೆಡಿಮೇಡ್ ಪವರ್ ಗಾಜು ಸಿಗುತ್ತದೆ, ಸಾಮಾನ್ಯವಾಗಿ ಅರ್ಧ ಅರ್ಧ ಪಾಯಿಂಟ್ ಲೆಕ್ಕದಲ್ಲಿ. ಹಾಗಾಗಿ ಮಾಸ್ಕ್ ಆರಿಸುವ ಮೊದಲೇ ಆ ಮಾಡೆಲ್‌ಗೆ ಪವರ್ ಗಾಜು ಇದೆಯಾ ಕೇಳಿ. ಆಮೇಲೆ ಕೇಳಿದರೆ ಇಲ್ಲ ಅನ್ನುತ್ತಾರೆ. ಚೀಟಿಯಲ್ಲಿ ಸಿಲಿಂಡರ್ ಪವರ್ (ಅಸ್ಟಿಗ್ಮ್ಯಾಟಿಸಂಗೆ ಕೊಡುವುದು) ಇದ್ದರೆ ರೆಡಿಮೇಡ್‌ನಲ್ಲಿ ಬರುವುದಿಲ್ಲ. ನೀರಿನೊಳಗೆ ಎಲ್ಲವೂ ಸುಮಾರು ಮೂರನೇ ಒಂದು ಭಾಗ ದೊಡ್ಡದಾಗಿ ಕಾಣುವುದರಿಂದ ಸ್ವಲ್ಪ ಕಡಿಮೆ ಪವರ್ ಇದ್ದರೂ ನಡೆಯುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕಿ ಕೊಳಕ್ಕೆ ಇಳಿಯಬೇಡಿ, ಕಣ್ಣಿನ ಸೋಂಕಿನ ಭಯ ಇದೆ.

ಹೊಸ ಗಾಜಿನ ಒಳಗೆ ಕಣ್ಣಿಗೆ ಕಾಣದ ಸಿಲಿಕೋನ್ ಪದರ ಇರುತ್ತದೆ. ಬಿಳಿ ಟೂತ್‌ಪೇಸ್ಟ್ ಹಚ್ಚಿ ಬೆರಳಿನಿಂದ ಚೆನ್ನಾಗಿ ಉಜ್ಜಿ ತೊಳೆಯಿರಿ. ಇಲ್ಲದಿದ್ದರೆ ಎಷ್ಟು ಉಗುಳು ಹಚ್ಚಿದರೂ ಮಂಜು ಕಟ್ಟುತ್ತದೆ. ಇದು ಗಾಜಿಗೆ ಮಾತ್ರ. ಪ್ಲಾಸ್ಟಿಕ್‌ಗೂ ಬಣ್ಣದ ಕೋಟಿಂಗ್ ಇರುವ ಗಾಜಿಗೂ ಬೇಡ. ಬೋರ್‌ವೆಲ್ ನೀರಿನ ಮನೆಯಾದರೆ ತೊಳೆದ ಮೇಲೆ ಹಾಗೇ ಒಣಗಲು ಬಿಡದೆ ಮೆತ್ತನೆ ಬಟ್ಟೆಯಿಂದ ಒರೆಸಿ. ನಮ್ಮ ಬಕೆಟ್ಟಿನ ಮೇಲೆ ಕೂರುವ ಬಿಳಿ ಕಲೆಯೇ ಗಾಜಿನ ಮೇಲೂ ಕೂರುತ್ತದೆ.

ಕಾರ್ಬನ್ ಫಿನ್ಸ್ ಈಗ ಬೇಡ. ಕಾಲು ಬೀಸುವುದನ್ನೇ ಇನ್ನೂ ಕಲಿತಿಲ್ಲ. ಮೊಣಕಾಲು ಮಡಚಿ ಸೈಕಲ್ ತುಳಿದಂತೆ ಮಾಡುವವರಿಗೆ ಕಾರ್ಬನ್ ಏನು ಮಾಡುತ್ತದೆ, ಪ್ಲಾಸ್ಟಿಕ್ ಏನು ಮಾಡುತ್ತದೆ! ಜೊತೆಗೆ ಕೊಳದ ಗೋಡೆಗೆ, ದೋಣಿಯ ಅಂಚಿಗೆ ಬಡಿದರೆ ಕಾರ್ಬನ್ ಬಿರುಕು ಬಿಡಬಹುದು. ಕೋರ್ಸ್‌ನಲ್ಲಿ ಕೊಡುವುದನ್ನೇ ಹಾಕಿ.

ವೆಟ್‌ಸೂಟ್ ಬಗ್ಗೆ ಒಂದು ತಮಾಷೆ. ಅಂಡಮಾನಿನ ನೀರು ಡಿಸೆಂಬರ್‌ನಲ್ಲೂ 27–28 ಡಿಗ್ರಿ ಇರುತ್ತದೆ. ಬಿಸಿ ಮಾಡದ ಬೆಂಗಳೂರಿನ ಕೊಳವೇ ಅದಕ್ಕಿಂತ ತಣ್ಣಗಿರುತ್ತದೆ. ನಡುಕ ಬಂದರೆ ಉಸಿರು ಹಿಡಿಯುವುದು ದೂರದ ಮಾತು. ಕೊಳಕ್ಕೆ ಸಾದಾ 2 ಎಂಎಂ ಸೂಟ್ ಸಾಕು. ಒಳಗೆ ಬಟ್ಟೆ ಇಲ್ಲದ ಓಪನ್ ಸೆಲ್ ಸೂಟ್ ಕೊಂಡು ಕ್ಲೋರಿನ್‌ನಲ್ಲಿ ಹಾಳು ಮಾಡಿಕೊಳ್ಳಬೇಡಿ. ಅದು ಉಗುರು ತಾಗಿದರೂ ಹರಿಯುತ್ತದೆ.

ಲೇನ್ ನಾಲ್ಕು:

ನಾನು ಈಜುಕೊಳದಲ್ಲಿ ಲೈಫ್‌ಗಾರ್ಡ್ ಆಗಿದ್ದವನು. ಸಾಮಾನಿನ ಮಾತು ಅಕ್ಕ ಹೇಳಿಯಾಯಿತು. ನನ್ನದು ಬೇರೆ. "ಇಲ್ಲೇ ಸ್ವಲ್ಪ ಅಭ್ಯಾಸ" ಅಂದಿರಲ್ಲ, ಯಾರ ಜೊತೆ?

ಒಬ್ಬರೇ ಅಂತಾದರೆ ಬೇಡ ಸಾರ್. 5 ಅಡಿ ನೀರಿನಲ್ಲೂ ಪ್ರಜ್ಞೆ ತಪ್ಪುತ್ತದೆ. ಮುಳುಗುವ ಮುಂಚೆ ಜೋರಾಗಿ ಉಸಿರಾಡಿಕೊಂಡರೆ ಜಾಸ್ತಿ ಹೊತ್ತು ಇರಬಹುದು ಅಂತ ಹುಡುಗರು ಮಾಡುತ್ತಾರೆ. ಅದರಿಂದ ಆಮ್ಲಜನಕ ಹೆಚ್ಚುವುದಿಲ್ಲ, ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ ಅಷ್ಟೇ. ಉಸಿರು ಬೇಕು ಅಂತ ಮೈ ಕೇಳುವುದೇ ಆ ಡೈಆಕ್ಸೈಡ್ ಏರಿದಾಗ. ಅದು ಕೇಳುವ ಮೊದಲೇ ಕಣ್ಣು ಕತ್ತಲಾಗುತ್ತದೆ. ಕೈಕಾಲು ಬಡಿಯುವುದಿಲ್ಲ, ಕೂಗುವುದಿಲ್ಲ. ಮೇಲಿನಿಂದ ನೋಡುವ ಗಾರ್ಡ್‌ಗೆ ಅಭ್ಯಾಸ ಮಾಡುವವನೂ ಪ್ರಜ್ಞೆ ತಪ್ಪಿದವನೂ ಒಂದೇ ತರ ಕಾಣುತ್ತಾರೆ. ಗಾರ್ಡ್ ಇದ್ದಾರಲ್ಲ ಅನ್ನುವ ಧೈರ್ಯ ಬೇಡ. ಒಬ್ಬರು ಒಳಗೆ ಇರುವಾಗ ಇನ್ನೊಬ್ಬರು ಕೈಗೆಟುಕುವಷ್ಟು ಹತ್ತಿರ ಇರಬೇಕು, ಅವರಿಗೂ ಎತ್ತುವುದು ಗೊತ್ತಿರಬೇಕು.

ಕೋರ್ಸ್ ತನಕ ಮನೆಯ ಸೋಫಾ ಮೇಲೆ ಮಲಗಿ ಉಸಿರು ಹಿಡಿಯಿರಿ. ಇನ್ನೊಂದು, ಪಬ್ಲಿಕ್ ಬ್ಯಾಚಿನಲ್ಲಿ ಉದ್ದದ ಫಿನ್ಸ್‌ಗೆ ಒಪ್ಪುವುದು ಕಷ್ಟ. ಪಕ್ಕದ ಲೇನಿನವರ ಮುಖಕ್ಕೆ ಬಡಿಯುತ್ತದೆ. ಕೊಳ್ಳುವ ಮೊದಲು ಕೋಚ್ ಹತ್ತಿರ ಮಾತಾಡಿ.

ಕುಮಟಾದವನು, ಈಗ ಯಶವಂತಪುರ:

ಅಕ್ಕನ ಮಾತಿಗೆ ಒಂದೇ ಒಂದು ತಕರಾರು. ಪಾದ ದೊಡ್ಡದಿದ್ದರೆ ಬಾಡಿಗೆ ಫಿನ್ಸ್ ನಂಬಬೇಡಿ ಮಾರಾಯ್ರೆ. ನನ್ನದು 11ನೇ ನಂಬರ್. ನಾನು ಹೋದ ಒಂದು ಕಡೆ ಇದ್ದದ್ದರಲ್ಲಿ ದೊಡ್ಡದೇ 9. ಹೆಬ್ಬೆರಳಿನ ಉಗುರು ಕಪ್ಪಾಗಿ ಬಂದೆ. ನಿಮ್ಮದು 10 ದಾಟಿದ್ದರೆ ಪ್ಲಾಸ್ಟಿಕ್ ಬ್ಲೇಡಿನ ಫಿನ್ಸ್ ಒಂದು ಜೋಡಿ ಈಗಲೇ ತಗೊಳ್ಳಿ. ಕ್ರೆಸ್ಸಿ ಕಂಪನಿಯ ಗಾರಾ ತರದ್ದು ಸಾಕು. ಬ್ಲೇಡ್ ಮೆತ್ತಗಿರಲಿ. 2 ಎಂಎಂ ನಿಯೋಪ್ರೀನ್ ಸಾಕ್ಸ್ ಹಾಕಿಕೊಂಡೇ ಅಳತೆ ನೋಡಿ. ನಿಂತಾಗ ಬಿಗಿಯಾಗಿರಲಿ, ಆದರೆ ಬೆರಳು ಜೋಮು ಹಿಡಿಯಬಾರದು.

ಐಡಾ ಅನ್ನುವ ಫ್ರೀಡೈವಿಂಗ್ ಸಂಸ್ಥೆಯ ಐಡಾ 2 ಕೋರ್ಸ್ ಪಾಸಾಗಲು ಕೇಳುವುದು 2 ನಿಮಿಷ ಉಸಿರು ಹಿಡಿದು ತೇಲುವುದು, ಕೊಳದಲ್ಲಿ ಒಂದೇ ಉಸಿರಿಗೆ 40 ಮೀಟರ್, ಸಮುದ್ರದಲ್ಲಿ 12ರಿಂದ 20 ಮೀಟರ್ ಆಳ. ಇದಕ್ಕೆ ಪ್ಲಾಸ್ಟಿಕ್ ಧಾರಾಳ. ಬೂಯಿ (ಹಿಡಿದುಕೊಳ್ಳುವ ತೇಲುಬುರುಡೆ), ಅದರಿಂದ ಇಳಿಬಿಟ್ಟ ಹಗ್ಗ, ಆ ಹಗ್ಗಕ್ಕೆ ನಿಮ್ಮನ್ನು ಸೇರಿಸುವ ಲ್ಯಾನ್ಯಾರ್ಡ್ ಅವರದ್ದೇ ಇರುತ್ತದೆ.

ಕೋರ್ಸ್ ಆದಮೇಲೆ ನಮ್ಮ ಕಡೆ ನೇತ್ರಾಣಿ ದ್ವೀಪಕ್ಕೂ ಬನ್ನಿ. ಮುರುಡೇಶ್ವರದಿಂದ ದೋಣಿ. ಮಳೆಗಾಲದಲ್ಲಿ ಬಂದ್. ಅಲ್ಲಿ ನಡೆಯುವುದೆಲ್ಲ ಹೆಚ್ಚಾಗಿ ಸ್ಕೂಬಾ, ಹಾಗಾಗಿ ಸಿಲಿಂಡರ್ ಇಲ್ಲದೆ ಇಳಿಯಲು ಬಿಡುತ್ತಾರಾ ಅಂತ ಮೊದಲೇ ಫೋನ್ ಮಾಡಿ ಕೇಳಿ. ಜೊತೆಗಾರ ಮತ್ತು ಬೂಯಿ ಎರಡೂ ನಿಮ್ಮದೇ ಇರಬೇಕಾಗುತ್ತದೆ.

ಕತ್ರಿಗುಪ್ಪೆ ಮೀನು:

ಎಲ್ಲರಿಗೂ ಥ್ಯಾಂಕ್ಸ್. ಕ್ವಾರಿ ಕ್ಯಾನ್ಸಲ್. ಪಾದ 8, ಹಾಗಾಗಿ ಫಿನ್ಸ್ ಬಾಡಿಗೆಗೇ. ಸ್ನಾರ್ಕೆಲ್ (ಉಸಿರಾಡುವ ಕೊಳವೆ) ಮತ್ತು ಮುಳುಗಲು ಸೊಂಟಕ್ಕೆ ಕಟ್ಟುವ ಸೀಸದ ವೇಟ್ ಬೆಲ್ಟ್ ಬಗ್ಗೆ ಯಾರೂ ಹೇಳಲಿಲ್ಲ. ಕೊಳಕ್ಕೂ ಸಮುದ್ರಕ್ಕೂ ಒಂದೇ ತೂಕ ನಡೆಯುತ್ತಾ?

ಮಲ್ಲೇಶ್ವರಂ ಅಕ್ಕ:

ನಡೆಯುವುದಿಲ್ಲ. ಉಪ್ಪುನೀರು ಸಿಹಿನೀರಿಗಿಂತ ಸುಮಾರು ಶೇಕಡಾ 2.5ರಷ್ಟು ಭಾರ. 70 ಕೆಜಿ ಇರುವವರಿಗೆ ಸಮುದ್ರದಲ್ಲಿ ಒಂದೂಮುಕ್ಕಾಲು ಕೆಜಿಯಷ್ಟು ಜಾಸ್ತಿ ಬೇಕಾಗುತ್ತದೆ. ಸೂಟ್ ದಪ್ಪವಾದಷ್ಟೂ ಇನ್ನೂ ಜಾಸ್ತಿ. ಆದರೆ ಲೆಕ್ಕ ಹಾಕಿ ಕಟ್ಟಿಕೊಳ್ಳುವುದಲ್ಲ, ನೀರಿನಲ್ಲಿ ಪರೀಕ್ಷೆ ಮಾಡಬೇಕು. ಸಮುದ್ರದಲ್ಲಿ ಸಹಜವಾಗಿ ಉಸಿರು ಬಿಟ್ಟ ಮೇಲೂ ನೀವು ಮೇಲೆ ತೇಲಬೇಕು. ಸುಮಾರು 10 ಮೀಟರ್‌ನಲ್ಲಿ ಏಳದೆ ಮುಳುಗದೆ ನಿಲ್ಲುವಂತಿದ್ದರೆ ಸರಿ. ಅದನ್ನು ಕೋರ್ಸ್‌ನಲ್ಲಿ ಹೊಂದಿಸಿಕೊಡುತ್ತಾರೆ. ಸೀಸ ಹೊತ್ತುಕೊಂಡು ವಿಮಾನ ಹತ್ತಬೇಡಿ.

ಬೆಲ್ಟ್ ಕೊಳ್ಳುವುದಾದರೆ ರಬ್ಬರ್‌ದು, ಒಂದೇ ಕೈಯಲ್ಲಿ ಬಿಚ್ಚುವ ಬಕಲ್ ಇರುವುದು. ನೈಲಾನ್ ಪಟ್ಟಿ ತಲೆಕೆಳಗಾಗಿ ಇಳಿಯುವಾಗ ಎದೆಗೆ ಜಾರುತ್ತದೆ. ಕೊಳದಲ್ಲಿ ಅಡ್ಡ ಈಜುವಾಗ ಕುತ್ತಿಗೆಗೆ ತೂಕ ಹಾಕುತ್ತಾರೆ. ಸೈಕಲ್ ಟ್ಯೂಬಿನಲ್ಲಿ ಸೀಸದ ಗುಂಡು ತುಂಬಿ ಟೇಪ್ ಸುತ್ತಿ ಮನೆಯಲ್ಲೇ ಮಾಡಬಹುದು, ಥಟ್ಟನೆ ಬಿಚ್ಚುವಂತಿರಬೇಕು. ಅದು ಕೋರ್ಸ್ ಆಗಿ, ಜೊತೆಗಾರ ಸಿಕ್ಕ ಮೇಲಿನ ಮಾತು.

ಸ್ನಾರ್ಕೆಲ್ ಸಾದಾ ಜೆ ಆಕಾರದ್ದು ತಗೊಳ್ಳಿ. ವಾಲ್ವ್, ಮುಚ್ಚಳ ಏನೂ ಬೇಡ. ಮುಳುಗುವ ಮೊದಲು ಬಾಯಿಂದ ತೆಗೆಯುತ್ತೀರಲ್ಲ, ಅದಕ್ಕೆ ಮೆತ್ತಗಿದ್ದರೆ ಸಾಕು. ಮಾಸ್ಕ್ ಕೊಳ್ಳಲು ಹೋದಾಗ ಅಲ್ಲೇ ಪಕ್ಕದಲ್ಲಿ ಸಿಗುತ್ತದೆ. ಉಳಿದ ದುಡ್ಡು ಕೋರ್ಸ್ ಫೀಸಿಗೆ ಸೇರಿಸಿ, ಎರಡು ದಿನ ಜಾಸ್ತಿ ಉಳಿದುಕೊಂಡು ಬನ್ನಿ.